ಮೀನೆಣ್ಣೆ ಮೂಸುವ ಕಾಂಪೌಂಡರ್

ಔಷಧಿ ಅಂಗಡಿಯ ಕಾಂಪೌಂಡರನ ಜೇಬಿನಲ್ಲಿ ಪೆನ್ನಿನ ಪಕ್ಕಕ್ಕೆ ಸದಾ ಒಂದು ಗುಂಡುಸೂಜಿ ಚುಚ್ಚಿರುತ್ತಿತ್ತು. ಮೀನೆಣ್ಣೆ ಗುಳಿಗೆಯ ಹೊಸ ಪೆಟ್ಟಿಗೆ ಬಂದರೆ ಆತ ಮೊದಲು ಒಂದು ಡಬ್ಬಿ ತೆರೆದು, ಒಂದು ಗುಳಿಗೆಗೆ ಸೂಜಿ ಚುಚ್ಚಿ, ಹನಿಯನ್ನು ಮುಂಗೈ ಮೇಲೆ ಉಜ್ಜಿ ಮೂಸುತ್ತಿದ್ದ. ಒಳ್ಳೆಯ ಎಣ್ಣೆ ತೆಳ್ಳಗೆ ಮೀನಿನ ವಾಸನೆ ಕೊಡುತ್ತದೆ. ಹಳಸಿದ್ದು ಆಗತಾನೇ ಬಣ್ಣ ಬಳಿದ ಬಾಗಿಲಿನಂತೆ ಮುಖಕ್ಕೆ ಹೊಡೆಯುತ್ತದೆ. ಹಾಗೆ ಹೊಡೆದರೆ ಪೆಟ್ಟಿಗೆ ವಾಪಸ್. ಮಾಲೀಕ ಗೊಣಗಿದರೂ ಆತ ಜಗ್ಗುತ್ತಿರಲಿಲ್ಲ.

ಮೂವತ್ತೊಂದು ವರ್ಷ ಅದೇ ಕೌಂಟರಿನ ಹಿಂದೆ ನಿಂತವನು. ಯಾವ ಕಾಲೇಜಿನ ಮೆಟ್ಟಿಲೂ ಹತ್ತದೆ, ಡಬ್ಬಿಗಳ ಮೇಲಿನ ಸಣ್ಣಕ್ಷರ ಓದಿ ಓದಿಯೇ ಕಲಿತವನು.

"ಇದು ತಗೊಂಡ್ರೆ ಎದೆ ಗಟ್ಟಿಯಾಗುತ್ತಾ?" ಎಂದು ಒಮ್ಮೆ ಅದೇ ಬೀದಿಯ ಟೈಲರ್ ಕೇಳಿದ.

"ಇದೇನು ಸಿಮೆಂಟಾ? ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ ಇದ್ದು, ಡಾಕ್ಟರು ಹೇಳಿದಷ್ಟು ತಗೊಂಡ್ರೆ ಅದು ಇಳಿಯುತ್ತೆ. ವಾರಕ್ಕೆರಡು ಸಲ ಮೀನು ತಿನ್ನೋರಿಗೆ ಇದರ ಹಂಗೇ ಬೇಕಾಗಲ್ಲ, ಬಿಡು."

"ಇಲ್ಲಿ ಸಾವಿರ ಮಿಲಿಗ್ರಾಂ ಅಂತ ಬರೆದಿದೆಯಲ್ಲಣ್ಣ?"

"ಅದು ಎಣ್ಣೆಯ ತೂಕ ಕಣಯ್ಯಾ. ಡಬ್ಬಿ ತಿರುಗಿಸು. ಇಪಿಎ, ಡಿಎಚ್‌ಎ ಅಂತ ಎರಡಿವೆ ನೋಡು, ಎಣ್ಣೆಯಲ್ಲಿ ಕೆಲಸಕ್ಕೆ ಬರೋ ಕೊಬ್ಬು ಅವೇ, ಅವೆರಡೂ ಕೂಡಿ ಎಷ್ಟು ಅನ್ನೋದೇ ಲೆಕ್ಕ. ಹೊರಗಿನ ಲ್ಯಾಬಿನವರು ಪರೀಕ್ಷೆ ಮಾಡಿದ್ದಾರಾ, ತಾರೀಖು ಮುಗಿಯೋಕೆ ಎಷ್ಟು ದಿನ ಇದೆ, ಅದನ್ನೂ ನೋಡು. ನಿಂಬೆ ವಾಸನೆ ಹಾಕಿದ್ದಾರೋ, ಇನ್ನೂ ಹುಷಾರಾಗಿರು. ಏನೋ ಮುಚ್ಚಿಡೋಕೂ ಹಾಕಿರಬಹುದು. ರಕ್ತ ತೆಳು ಮಾಡೋ ಮಾತ್ರೆ ನುಂಗ್ತಿದ್ದರೆ ಮಾತ್ರ ಡಾಕ್ಟರನ್ನ ಕೇಳದೆ ಮುಟ್ಟಬೇಡ."

ಗಿರಾಕಿಗಳು ಇದನ್ನೆಲ್ಲ ಒಂದು ಕಿವಿಯಲ್ಲಿ ಕೇಳಿ ಕೊನೆಗೆ ಒಂದೇ ಮಾತು ಹೇಳುತ್ತಿದ್ದರು: "ನೀವು ಮೂಸಿದ್ದೀರಲ್ಲ, ಸಾಕು ಕೊಡಿ."

ಅಂಗಡಿಯ ಮೇಲಿನ ಕೋಣೆಯಲ್ಲಿ ಆತನ ವಾಸ. ಒಂದು ಮಂಚ, ಒಂದು ಕುರ್ಚಿ, ಒಂದು ತಟ್ಟೆ. ಇನ್ನೊಂದು ಕುರ್ಚಿ ಬೇಕೆಂದು ಯಾವತ್ತೂ ಅನ್ನಿಸಿದ್ದಿಲ್ಲ, ಏಕೆಂದರೆ ಮೆಟ್ಟಿಲು ಹತ್ತಿ ಬರುವವರೇ ಇರಲಿಲ್ಲ. ಇದ್ದದ್ದು ಸಂಜೆಯ ಅರ್ಧ ಗಂಟೆ. ಹಿಂದಿನ ಬೀದಿಯ ನಿವೃತ್ತ ಟೀಚರಮ್ಮ ಐದಕ್ಕೆ ಬಂದು, ತೂಕದ ಯಂತ್ರಕ್ಕೆ ಒರಗಿ ನಿಂತು, "ಊಟ ಮಾಡಿದ್ರೇನ್ರೀ ಕಾಂಪೌಂಡರೇ, ಇಲ್ಲಾ ಗಾಳಿ ಕುಡ್ಕೊಂಡಿದ್ದೀರಾ?" ಎಂದು ಕೇಳುತ್ತಿದ್ದರು. ಹಾಗೆ ಕೇಳುವ ಇನ್ನೊಂದು ಜೀವ ಆತನಿಗೆ ಇರಲಿಲ್ಲ. ಟೀಚರಮ್ಮನಿಗೆ ಡಾಕ್ಟರು ಮೀನೆಣ್ಣೆ ಬರೆದುಕೊಟ್ಟು ಮೂರು ವರ್ಷವಾಗಿತ್ತು.

ಚಳಿಗಾಲದಲ್ಲಿ ಕಾಂಪೌಂಡರನಿಗೆ ನೆಗಡಿ ಜ್ವರ ಬಂತು. ಆರು ದಿನ ಕೋಣೆಯಲ್ಲೇ ಮಲಗಿ ಎದ್ದ. ಆಮೇಲೆ ಬಾಯಿಗಿಟ್ಟದ್ದೆಲ್ಲ ಸಪ್ಪೆ. ದಿನಾ ಉಣ್ಣಲು ಹೋಗುವ ಊಟದ ಮನೆಯವನ ಕೈ ಕೆಟ್ಟಿದೆ ಎಂದುಕೊಂಡು ಅವನ ಜೊತೆ ಜಗಳವನ್ನೂ ಆಡಿದ. ಅದೇ ವಾರ ಹೊಸ ಪೆಟ್ಟಿಗೆ ಬಂತು. ಸೂಜಿ ಚುಚ್ಚಿ ಮೂಸಿದ. ಏನೇನೂ ವಾಸನೆಯಿಲ್ಲ. ಇನ್ನೊಂದು ಚುಚ್ಚಿದ. ಅದೂ ಹಾಗೇ.

"ನನ್ನ ಜನ್ಮದಲ್ಲಿ ಇಷ್ಟು ಶುದ್ಧ ಎಣ್ಣೆ ಕಂಡಿಲ್ಲ" ಎಂದು ಬೀಗಿ, ಮೊದಲ ಡಬ್ಬಿಯನ್ನು ಟೀಚರಮ್ಮನ ಕೈಗೇ ಇಟ್ಟ.

ಮರುದಿನ ಟೀಚರಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ. ಐದಾಗುತ್ತಿದ್ದಂತೆ ಆತ ತೂಕದ ಯಂತ್ರದ ಧೂಳು ಒರೆಸುತ್ತಿದ್ದ, ಬೀದಿಯ ತುದಿ ನೋಡುತ್ತಿದ್ದ. ಬೇರೆ ಅಂಗಡಿ ಹಿಡಿದರೇ? ಕಾಯಿಲೆ ಬಿದ್ದರೇ? ಎಂಟನೆಯ ದಿನ ತಡೆಯಲಾಗದೆ ಹಿಂದಿನ ಬೀದಿಗೆ ಹೋದ.

ಕಿಟಕಿಯ ಹೊರಗಟ್ಟೆಯ ಮೇಲೆ ಆತ ಕೊಟ್ಟ ಡಬ್ಬಿ ಇತ್ತು.

"ಔಷಧೀನ ಬಿಸಿಲಿಗಿಟ್ಟಿದ್ದೀರಲ್ಲ, ಕೆಡೋದಿಲ್ವೇ?"

ಟೀಚರಮ್ಮ ಬಾಗಿಲಲ್ಲೇ ನಿಂತರು. "ಒಳಗಿಟ್ರೆ ಮನೆಯೆಲ್ಲ ನಾತ ಕಣ್ರೀ. ನಿಮಗೆ ಹೇಗೆ ಹೇಳಲಿ ಅಂತ ಅಂಗಡಿ ಕಡೆಗೇ ಬರಲಿಲ್ಲ."

"ನಾತವಾ? ನಾನೇ ಮೂಸಿದ್ದೀನಿ."

ಟೀಚರಮ್ಮ ಆತನ ಮುಖವನ್ನೇ ನೋಡಿದರು. ಒಳಗೆ ಕರೆದು ಕೂರಿಸಿ, "ಕಣ್ಣು ಮುಚ್ಚಿ" ಎಂದರು, ಮಕ್ಕಳಿಗೆ ಹೇಳುವ ದನಿಯಲ್ಲಿ. ಮೂಗಿನ ಹತ್ತಿರ ಏನೋ ಹಿಡಿದರು. "ಏನಿದೆ ಹೇಳಿ."

"ಖಾಲಿ ಡಬ್ಬ."

ಕಣ್ಣು ಬಿಟ್ಟರೆ ಮುಂದಿದ್ದ ಡಬ್ಬದಲ್ಲಿ ಅಂಚಿನವರೆಗೆ ಕಾಫಿಪುಡಿ.

ಕಾಂಪೌಂಡರನಿಗೆ ಊಟದ ಮನೆಯವನ ಜೊತೆ ಆಡಿದ ಜಗಳ ನೆನಪಾಯಿತು.

"ಮಾಲೀಕರಿಗೆ ಹೇಳ್ತೀರಾ?" ಟೀಚರಮ್ಮ ಮೆಲ್ಲಗೆ ಕೇಳಿದರು.

"ಹೇಳದೆ ಇನ್ನೇನು? ಜನ ನುಂಗ್ತಿದ್ದಾರೆ."

ಹೇಳಿದ. ಮಾಲೀಕ ಒಂದು ಗುಳಿಗೆ ಹಿಚುಕಿ ಮುಖ ಸಿಂಡರಿಸಿದ. ಉಳಿದ ಡಬ್ಬಿಗಳು ಕೂಡಲೇ ಕಪಾಟಿನಿಂದ ಇಳಿದವು. ಟೀಚರಮ್ಮನದನ್ನು ಬಿಟ್ಟು ಮಾರಾಟವಾದವು ಇನ್ನೂ ನಾಲ್ಕಿದ್ದವು. ಅವನ್ನು ವಾಪಸ್ ತರಲು ಕಾಂಪೌಂಡರ್ ತಾನೇ ಮನೆಮನೆ ಹತ್ತಿದ. ಟೈಲರನ ಡಬ್ಬಿಯಲ್ಲಿ ಅರ್ಧಕ್ಕರ್ಧ ಖಾಲಿ.

"ನಾರುತ್ತೆ ಅಂತ ಗೊತ್ತಾಗಲಿಲ್ವೇನಯ್ಯಾ?"

"ಗೊತ್ತಾಯ್ತಣ್ಣ, ಮೂಗು ಹಿಡ್ಕೊಂಡೇ ನುಂಗ್ತಿದ್ದೆ. ನೀವು ಶುದ್ಧ ಅಂದಮೇಲೆ ಶುದ್ಧವಾದದ್ದು ಹೀಗೇ ಇರುತ್ತೇನೋ ಅಂದ್ಕೊಂಡೆ."

ಟೈಲರ್ ನಕ್ಕ. ಕಾಂಪೌಂಡರನಿಗೆ ನಗು ಬರಲಿಲ್ಲ. ತಮ್ಮ ಮೂಗಿಗೆ ಗೊತ್ತಾದದ್ದನ್ನು ಬಿಟ್ಟು ಜನ ತನ್ನ ಮಾತನ್ನು ನಂಬಿದ್ದರಲ್ಲ ಎಂದುಕೊಳ್ಳುತ್ತ, ಅರ್ಧ ಡಬ್ಬಿಯನ್ನು ಹಿಡಿದು ಮೆಟ್ಟಿಲಿಳಿದ.

ಅಂದಿನಿಂದ ಯಾರು ಕೇಳಿದರೂ ಆತ ಡಬ್ಬಿಯನ್ನು ಗಿರಾಕಿಯ ಕೈಗೇ ಕೊಟ್ಟು, "ನೀವೇ ಓದಿ, ಮನೆಗೆ ಹೋಗಿ ಒಂದನ್ನ ಚುಚ್ಚಿ ಮೂಸಿ ನೋಡಿ. ಹಳಸಿದ್ದರೆ ವಾಪಸ್ ತನ್ನಿ" ಎನ್ನುತ್ತಾನೆ. ಹೊಸ ಪೆಟ್ಟಿಗೆ ಬಂದ ದಿನ ಐದು ಗಂಟೆಗೆ ಟೀಚರಮ್ಮ ಬಂದು ಮುಂಗೈ ಚಾಚುತ್ತಾರೆ. ಹನಿ ಉಜ್ಜುವುದು ಆತ, ಮೂಸುವುದು ಆಕೆ.

"ಹೇಗಿದೆ?"

"ಚೆನ್ನಾಗಿದೆ. ತೆಳ್ಳಗಿದೆ."

"ತೆಳ್ಳಗೆ ಅಂದ್ರೆ ಎಷ್ಟು ತೆಳ್ಳಗೆ?"

ಟೀಚರಮ್ಮ ಹೇಳಲು ನೋಡುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದವರಿಗೂ ಅದನ್ನು ಹೇಳಿಕೊಡಲು ಬರುವುದಿಲ್ಲ. ಅರ್ಧ ಗಂಟೆ ಕಳೆದು ಅವರು ಹೊರಡುತ್ತಾರೆ.

ಆತನನ್ನು ಪರೀಕ್ಷಿಸಿದ ಮೂಗಿನ ಡಾಕ್ಟರು ದಿನಾ ಬೆಳಿಗ್ಗೆ ಕಾಫಿಪುಡಿ, ಲವಂಗದಂಥ ನಾಲ್ಕು ವಸ್ತುಗಳನ್ನು ಬದಲಿಸದೆ ಮೂಸಲು ಹೇಳಿದ್ದಾರೆ. ವಾಸನೆ ಮರಳಿದರೂ ಮರಳಬಹುದು, ತಿಂಗಳುಗಳೇ ಹಿಡಿಯಬಹುದು ಎಂದಿದ್ದಾರೆ. ಆತ ಒಂಟಿ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಟೀಚರಮ್ಮ ಕೊಟ್ಟ ಕಾಫಿಪುಡಿಯ ಡಬ್ಬದ ಮುಚ್ಚಳ ತೆಗೆಯುತ್ತಾನೆ. ಇವತ್ತೂ ಖಾಲಿ ಡಬ್ಬ. ಮುಚ್ಚಳ ಬಿಗಿಯಾಗಿ ಹಾಕಿ, ಜೇಬಿಗೆ ಸೂಜಿ ಚುಚ್ಚಿಕೊಂಡು, ಅಂಗಡಿಯ ಬಾಗಿಲು ತೆಗೆಯಲು ಇಳಿಯುತ್ತಾನೆ.