ಎರಡನೇ ಸಲ ಕೇಳುವ ಜಟ್ಟೆಮ್ಮ

ಜಟ್ಟೆಮ್ಮ ದಿನಾ ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ಮರ್ಫಿ ಟೌನಿನ ತಮ್ಮ ಕೋಣೆಗೆ ಬೀಗ ಹಾಕಿ, ಮಣಿಸರದ ಚೀಲ ಹೆಗಲಿಗೇರಿಸಿ ಶಿವಾಜಿನಗರಕ್ಕೆ ನಡೆದು ಹೋಗುತ್ತಾರೆ. ದಾರಿಯಲ್ಲಿ ಒಂದು ಪೊಲೀಸ್ ಠಾಣೆ. ಅದರ ಬಾಗಿಲಲ್ಲಿ ನಿಂತು, "ನಮ್ಮೋರು ಯಾರಾದ್ರೂ ಒಳಗಿದ್ದಾರಾ ಸ್ವಾಮಿ?" ಎಂದು ಕೇಳುತ್ತಾರೆ. ಇಲ್ಲ ಅಂದರೆ ಮುಂದೆ ನಡೆಯುತ್ತಾರೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವರಲ್ಲ.

ನಮ್ಮೋರು ಅಂದರೆ ಹಕ್ಕಿಪಿಕ್ಕಿಯವರು. ಹಿಂದೆ ಕಾಡಿನಲ್ಲಿ ಹಕ್ಕಿ ಹಿಡಿಯುತ್ತಿದ್ದ ಜನ, ಈಗ ಊರೂರು ಸುತ್ತಿ ಮಣಿ, ಪಿನ್ನು, ತಲೆಗೆ ಹಚ್ಚುವ ಎಣ್ಣೆ ಮಾರುತ್ತಾರೆ. ಕಣ್ಣಿಗೆ ಬಿದ್ದ ವಸ್ತುವಿನ ಹೆಸರನ್ನೇ ಮಕ್ಕಳಿಗೆ ಇಡುವುದೂ ಇವರಲ್ಲಿ ಉಂಟು. ಎಲ್ಲಾದರೂ ಕಳ್ಳತನವಾದರೆ ಅನುಮಾನ ಮೊದಲು ಇವರ ಮೇಲೆ.

1994ರಲ್ಲಿ ಜಟ್ಟೆಮ್ಮನ ಗಂಡ ಮಲ್ಲಪ್ಪನನ್ನು ಹಾಗೆಯೇ ಹಿಡಿದುಕೊಂಡು ಹೋದರು. ಟಿ.ಬಿ. ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಮಾತ್ರೆ ಗೋಡೆಯ ಗೂಡಿನಲ್ಲೇ ಉಳಿಯಿತು. ಆರೋಗ್ಯಕ್ಕೆ ಏನಾದರೂ ತೊಂದರೆ ಇದೆಯಾ ಎಂದು ಕೋರ್ಟಿನಲ್ಲಿ ಕೇಳಿದರಂತೆ. ಮಲ್ಲಪ್ಪ ಇಲ್ಲ ಅಂದ. ಜೈಲಿನಲ್ಲಿ ಡಾಕ್ಟರು ಕೇಳಿದಾಗಲೂ ಇಲ್ಲ ಅಂದ. ಎರಡು ತಿಂಗಳಿಗೆ ಹೆಣ ಬಂತು.

ಅವರ ಕೋಣೆಯ ಪಕ್ಕದಲ್ಲೇ ಇರುವ ನಮ್ಮ ಮನೆಯ ಜಗಲಿಯಲ್ಲಿ ಕೂತು ಜಟ್ಟೆಮ್ಮ ಇದನ್ನು ಹೇಳಿದರು. "ಅವ್ರು ಸುಳ್ಳು ಹೇಳಿದ್ದಲ್ಲ ಅಕ್ಕಾ. ನಮ್ಮ ಮನೇಲಿ ದೊಡ್ಡೋರು ಕಷ್ಟ ಕೇಳಿದ್ರೆ ಮೊದಲ ಸಲ ಇಲ್ಲ ಅನ್ಬೇಕು. ಅದು ಮರ್ಯಾದೆ. ಎರಡನೇ ಸಲ ಕೇಳಿದ್ರೆ ಹೇಳೋದು. ಅಲ್ಲಿ ಯಾರೂ ಎರಡನೇ ಸಲ ಕೇಳ್ಲಿಲ್ಲ." ಹೇಳುವಾಗ ಮಣಿ ಪೋಣಿಸುವ ಕೈ ನಿಲ್ಲಲಿಲ್ಲ.

ಮಲ್ಲಪ್ಪ ಸತ್ತ ಹತ್ತು ವರ್ಷದ ಮೇಲೆ ಒಂದು ಬೆಳಿಗ್ಗೆ, ಠಾಣೆಯ ಬಾಗಿಲು ಕಾಯುವ ಪೇದೆ ಮುನಿರಾಜಪ್ಪ ಇವರನ್ನು ನೋಡಿ ನಕ್ಕ. "ಬಾಮ್ಮ, ಹಾಜರಿ ಹಾಕಕ್ಕೆ ಬಂದ್ಯಾ? ಇವತ್ತು ಒಬ್ಬ ಇದಾನೆ. ನೆನ್ನೆ ಬೆಳಿಗ್ಗೆ ತಂದ್ರು. ಹೆಸರು ಸೈಕಲ್ ಅಂತೆ! ಬೆಲ್ಲೇ ಇಲ್ದಿರೋ ಸೈಕಲ್, ಬಾಯೇ ಬಿಡಲ್ಲ."

"ಮೈ ಹುಷಾರಿದ್ದಾನಾ?"

"ನಾನೇ ಕೇಳ್ದೆ. ಏನೂ ಇಲ್ಲ ಅಂದ."

ಜಟ್ಟೆಮ್ಮ ಬೇಡಿಕೊಂಡು ಒಳಗೆ ಹೋದರು. ಕಂಬಿಯ ಆಚೆ ಮೂವತ್ತರ ಆಸುಪಾಸಿನ ಗಂಡಸು ಗೋಡೆಗೆ ಒರಗಿ ಕೂತಿದ್ದ. ಮೈಗೆ ಏನಾದರೂ ತೊಂದರೆ ಇದೆಯಾ ಎಂದು ತಮ್ಮ ಜನರ ಭಾಷೆಯಲ್ಲೇ ಕೇಳಿದರು. ಅವನು ತಲೆಯಾಡಿಸಿ ಇಲ್ಲ ಅಂದ. ಅಲ್ಲೇ ಕೂತು ಇನ್ನೊಮ್ಮೆ ಕೇಳಿದರು. ಆಗ ಹೇಳಿದ: ಫಿಟ್ಸ್ ಬರುತ್ತದೆ, ಮಾತ್ರೆ ಪೊಲೀಸರು ಇಟ್ಟುಕೊಂಡ ಚೀಲದಲ್ಲಿದೆ, ನೆನ್ನೆಯಿಂದ ನುಂಗಿಲ್ಲ.

ಮುನಿರಾಜಪ್ಪ ಚೀಲ ತರಲು ಹೋದ. ಬರುವಷ್ಟರಲ್ಲಿ ಸೈಕಲ್ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದ. ಬೀಗ ತೆಗೆಸಿ, ಜಟ್ಟೆಮ್ಮ ಅವನನ್ನು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ತಮ್ಮ ಮಣಿಚೀಲ ಇಟ್ಟರು. ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಜೀವ ಉಳಿಯಿತು. ಪೊಲೀಸರು ಅವನ ಕೈಗೆ ಬೇಡಿ ಹಾಕಿ ಮಂಚಕ್ಕೆ ಬಿಗಿದಿದ್ದರು. ಜಟ್ಟೆಮ್ಮ ಸಂಜೆಯವರೆಗೆ ವಾರ್ಡಿನ ಹೊರಗೆ ಕೂತಿದ್ದು, ಮನೆಗೆ ಬಂದು ಗಂಜಿ ಕುಡಿದು ಮಲಗಿದರು. ಮಲಗುವ ಮುಂಚೆ, ಖುಷಿಯಾಯಿತಾ ಎಂದು ಕೇಳಿದ್ದೆ. "ಏನೂ ಅನ್ನಿಸ್ಲಿಲ್ಲ ಅಕ್ಕಾ," ಅಂದರು. ನಾನು ಇನ್ನೊಮ್ಮೆ ಕೇಳಿದೆ. ಆಗಲೂ ಅದನ್ನೇ ಅಂದರು.

ಮರುದಿನ ಏಳಕ್ಕೆ ಮತ್ತೆ ಠಾಣೆಯ ಬಾಗಿಲು. ಮುನಿರಾಜಪ್ಪ ಅವತ್ತು ನಗಲಿಲ್ಲ. "ಯಾರೂ ಇಲ್ಲಮ್ಮ. ಬಿಸಿಲು ಮಳೇಲಿ ದಿನಾ ಯಾಕೆ ಬರ್ತೀಯಾ? ಪಕ್ಕದ ಮನೆ ಫೋನ್ ನಂಬರ್ ಕೊಡು. ನಿಮ್ಮೋರು ಬಂದ್ರೆ ನಾನೇ ಹುಷಾರು ವಿಚಾರಿಸ್ತೀನಿ, ಏನಾದ್ರೂ ಇದ್ರೆ ಫೋನ್ ಮಾಡ್ತೀನಿ."

"ಬೇಡ ಸ್ವಾಮಿ," ಅಂದರು ಜಟ್ಟೆಮ್ಮ. "ನೀವು ಒಂದ್ ಸಲ ಕೇಳಿ ಬಿಟ್ಬಿಡ್ತೀರಿ. ನಾನೇ ಬರ್ತೀನಿ."