ಗುಡಿಸಿಟ್ಟ ಹಳ್ಳ

ನಮ್ಮೂರಿನ ನಮಿಯೆ ಅಜ್ಜಿಗೆ ಎಪ್ಪತ್ತೊಂದು. ಇಜು ಬೆಟ್ಟದ ಕಾಡಿನಿಂದ ಇಳಿಯುವ ಹಳ್ಳದಲ್ಲಿ ಮಡಿ ಕಟ್ಟಿ, ಮೂಗಿಗೇರುವ ಖಾರದ ವಸಾಬಿ ಗೆಡ್ಡೆ ಬೆಳೆಯುತ್ತಾಳೆ. ಅದಕ್ಕೆ ವರ್ಷವಿಡೀ ತಣ್ಣಗೆ ಹರಿಯುವ ನೀರೇ ಬೇಕು. ತುಸು ಬೆಚ್ಚಗಾದರೂ ಗೆಡ್ಡೆ ಕೊಳೆಯುತ್ತದೆ. ಹಾಗಾಗಿ ಅಜ್ಜಿ ದಿನಾ ಬೆಳಿಗ್ಗೆ ಮೊದಲು ಕೈ ಅದ್ದುತ್ತಾಳೆ, ಆಮೇಲೆ ಥರ್ಮಾಮೀಟರ್. ಎರಡೂ ತಾಳೆಯಾಗದಿದ್ದರೆ ಬೈಗುಳ ಥರ್ಮಾಮೀಟರಿಗೆ.

ಕೇಳುವ ಚಟ ಬೇರೆ. "ಮೊದ್ಲು ಮೂರು ದಿನ ಮಳೆ ಹೊಯ್ದ್ರೂ ಕದಡ್ತಿರ್ಲಿಲ್ಲ ಈ ನೀರು. ಈಗ ಅರ್ಧ ಗಂಟೆಗೇ ಯಾಕೆ ಕೆಂಪಾಗುತ್ತೆ?" ಎಂದು ಅಂಚೆಯವನನ್ನೂ ಬಿಡಲಿಲ್ಲ, ಹಲ್ಲಿನ ಡಾಕ್ಟರನ್ನೂ ಬಿಡಲಿಲ್ಲ.

ಕಳೆದ ಶರತ್ಕಾಲದಲ್ಲಿ ಊರಿಗೆ ಸುದ್ದಿ ಬಂತು. ಬಿಸಿಲೂ ಮಳೆಯೂ ಹೀಗೇ ಏರಿದರೆ ಸುತ್ತಲಿನ ಮೂರು ಹಳ್ಳಗಳಲ್ಲಿ ಯಾವುದು ಎಷ್ಟು ತಾಳೀತು ಎಂದು ಸರ್ಕಾರದವರು ಪರೀಕ್ಷೆ ಮಾಡುತ್ತಾರಂತೆ. ತೀರಾ ಸೋತಿರುವುದರ ಕಾಡನ್ನೂ ಮೋರಿಯನ್ನೂ ಮೊದಲು ಸರಿಮಾಡುತ್ತಾರಂತೆ. ನಮ್ಮ ಕಿವಿಗೆ ಬಿದ್ದದ್ದು ಒಂದೇ ಮಾತು: ಹೊರಗಿನವರು ಬರುತ್ತಾರೆ. ಊರಿಗೆ ಊರೇ ಪೊರಕೆ ಹಿಡಿಯಿತು. ಮಳೆಗಾಲದ ನೆರೆಗೆ ಕೊಚ್ಚಿ ಬಂದಿದ್ದ ಮರಗಳನ್ನು ಎಳೆದು ಹಾಕಿದೆವು. ಸೇತುವೆ ಕಂಬದ ಮೇಲಿನ ಕೆಸರಿನ ಗೆರೆಯನ್ನು ಬ್ರಷ್ ಹಿಡಿದು ಉಜ್ಜಿದವರಲ್ಲಿ ನಾನೂ ಒಬ್ಬಳು. ಅಜ್ಜಿಯೂ ಕಮ್ಮಿಯಿಲ್ಲ, ಕೊಳೆತ ವಸಾಬಿ ಕಿತ್ತು, ಮೇಲಿನ ಮಡಿಯಿಂದ ಒಳ್ಳೆಯವನ್ನು ತಂದು ನೆಟ್ಟಳು.

ಪರೀಕ್ಷೆಗೆ ಬಂದ ಹಿರಾನುಮಾ ಎಂಬವರು ದಿನವಿಡೀ ಹಳ್ಳದಲ್ಲಿ ಅಡ್ಡಾಡಿ ಅಂಕ ಹಾಕಿದರು. ಅಜ್ಜಿ ಬೆನ್ನು ಬಿಡಲಿಲ್ಲ.

"ಏನ್ ನೋಡಿ ಅಂಕ ಕೊಡ್ತೀರಿ ಮೇಷ್ಟ್ರೇ?"

"ಮರ ಎಷ್ಟು ಕೊಚ್ಚಿ ಬಂದಿದೆ, ನೀರು ಎಲ್ಲಿವರೆಗೆ ಏರಿತ್ತು, ಏನೇನು ಸತ್ತಿದೆ, ಅದನ್ನೆಲ್ಲ. ನಿಮ್ಮ ಹಳ್ಳ ಗಟ್ಟಿ ಅಜ್ಜಿ. ಸರಿಮಾಡೋ ಪಟ್ಟಿಲಿ ಕೊನೇದು."

ಊರಿನ ಮುಖಂಡ ಕುಸಾಕಾ ಖುಷಿಯಿಂದ ಸೊಂಟ ಬಗ್ಗಿಸಿ ವಂದಿಸಿದ. ಅಜ್ಜಿಯ ಮುಖ ಮಾತ್ರ ಕಪ್ಪಿಟ್ಟಿತು.

"ಇಲ್ಲ ಮೇಷ್ಟ್ರೇ. ನೀವು ನೋಡ್ಬೇಕಾಗಿದ್ದನ್ನೆಲ್ಲ ನಾವು ಗುಡಿಸ್ಬಿಟ್ವಿ."

"ಅಜ್ಜೀ, ಬಂದೋರ ಮುಂದೆ ಊರಿನ ಮಾನ ಕಳೀಬೇಡಿ," ಎಂದು ಕುಸಾಕಾ ಪಿಸುಗುಟ್ಟಿದ.

"ಮುಂದಿನ ಮಳೆಗೆ ಹಳ್ಳಾನೇ ಹೋದ್ರೆ ನಿನ್ನ ಮಾನ ಕುಡೀಲೇನೋ?"

ಅಜ್ಜಿ ನೀರಿಗಿಳಿದು ಒಂದು ಗಿಡವನ್ನು ಎಳೆದಳು. ಸಲೀಸಾಗಿ ಬಂತು. "ಮೊನ್ನೆ ನೆಟ್ಟಿದ್ದು. ಇಲ್ಲಿದ್ದಿದ್ದು ಆಗಸ್ಟಲ್ಲೇ ಕೊಳೀತು." ಇನ್ನೊಂದು ಎಳೆದಳು, ಮತ್ತೊಂದು. ನನಗೆ ನಾಚಿಕೆಯಾಯಿತು. ಹೋಗಿ ಸೇತುವೆ ಕಂಬದ ಮೇಲೆ, ನನ್ನ ಎದೆಮಟ್ಟಕ್ಕೆ ಕೈಯಿಟ್ಟು ತೋರಿಸಿದೆ.

"ಅಲ್ಲಲ್ಲ, ಇನ್ನೂ ನಾಲ್ಕು ಗೇಣು ಮೇಲೆ," ಎಂದ ಕುಸಾಕಾ, ನೆಲ ನೋಡುತ್ತಾ. "ಅಲ್ಲಿ ಏಣಿ ಹಾಕಿ ಉಜ್ಜಿದ್ದು ನಾನೇ."

ಹಿರಾನುಮಾ ನಗಲಿಲ್ಲ. ಹಳೆಯ ಅಂಕಗಳನ್ನು ಅಳಿಸಿ, ಎಳೆದು ಹಾಕಿದ್ದ ಮರಗಳನ್ನೂ ಎಣಿಸಿ, ಹೊಸದಾಗಿ ಬರೆದರು. ಕೊನೆಯಲ್ಲಿದ್ದ ನಮ್ಮ ಹಳ್ಳ ಪಟ್ಟಿಯಲ್ಲಿ ಮೊದಲಿಗೆ ಬಂತು. ನಾವು ಉಸ್ಸೆಂದು ಉಸಿರು ಬಿಟ್ಟೆವು.

ಅಜ್ಜಿ ಆ ಹಾಳೆಯನ್ನು ಕೇಳಿ ಪಡೆದು ಬಹಳ ಹೊತ್ತು ನೋಡಿದಳು.

"ಮೂರರಲ್ಲಿ ಇದೇನಾ ತೀರಾ ಸೋತಿರೋದು?"

"ಹೌದಜ್ಜಿ."

ಬೇಕೆಂದೇ ಕೇಳಿ ಬರೆಸಿಕೊಂಡ ಉತ್ತರ ಅದು. ಆದರೂ ಅಜ್ಜಿ ಹಳ್ಳದ ದಂಡೆಯಲ್ಲೇ ಕೂತು, ಒದ್ದೆ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು.