ಒಂಟಿ ಕೊಂಬಿನ ಕುದುರಿ, ಜೋಡಿ ಕೊಂಬಿನ ಕೇಕು

ಕುದುರಿಗೆ ಕೊಂಬು ಇರೂದಿಲ್ಲ. ಮೂರನೇತ್ತೆಗೆ ಸಾಲಿ ಬಿಟ್ಟಾಕಿ ನಾನು, ಆದ್ರ ಕುದುರಿ ಯಾವುದು, ಎತ್ತು ಯಾವುದು ಅಂತ ತಿಳಿಯಾಕ ಸಾಲಿ ಬೇಕಾಗಿಲ್ಲ. ಹಂಗಿದ್ರೂ ಈ ಸಲದ ಮಣ್ಣೆತ್ತಿನ ಅಮಾಸಿ ದಿನ ನನ್ನ ಅಡಗಿ ಮನ್ಯಾಗ ಕೊಂಬಿನ ಕುದುರಿ ಹುಟ್ಟಿದವು. ಆಮ್ಯಾಲ ಆದದ್ದು ನನಗ ಇವತ್ತಿಗೂ ಬಗಿಹರಿದಿಲ್ಲ.

ಮಗ ಬಸ್ಸಿನ ಕಂಡಕ್ಟರ್. ಭಾಳ ವರ್ಷ ಮೈಸೂರು ಕಡೆ ಇದ್ದ, ಅಲ್ಲೇ ಮದುವಿ ಆದ. ಈ ವರ್ಷ ಮುದ್ದೇಬಿಹಾಳ ಕಡೆ ಬದಲಿ ಆಗಿ, ಹೆಂಡತಿ ಮತ್ತ ಎರಡು ಹೆಣ್ಣ ಮಕ್ಕಳನ್ನ ಕರಕೊಂಡು ಬಾಗೇವಾಡಿಗೆ, ನಮ್ಮ ಮನಿಗೆ ಬಂದ. ಸಣ್ಣಾಕಿ ಬಂದ ತಿಂಗಳದಾಗ ನಮ್ಮ ಮಾತು ಕಲಿತು ಓಣ್ಯಾಗ ಜಗಳಾನೂ ಆಡಿ ಬಂದ್ಲು. ದೊಡ್ಡಾಕಿಗೆ ನಾಲಿಗಿ ಹೊಳ್ಳಲಿಲ್ಲ. ಐದನೇತ್ತೆಗೆ ಹಚ್ಚಿದ್ವಿ. ಆಕಿ "ಇದೆ" ಅಂದ್ರ ಹುಡುಗ್ಯಾರೆಲ್ಲಾ "ಇದೇ... ಇದೇ..." ಅಂತ ರಾಗಾ ಎಳದು ನಗ್ತಿದ್ರಂತ.

ಒಂದಿನ ಸಾಲಿಯಿಂದ ಬಂದು ಕಟ್ಟಿ ಮ್ಯಾಲ ಕುಂತ್ಲು. "ಅಜ್ಜಿ, ನನ್ನ ಜೊತೆ ಯಾರೂ ಡಬ್ಬಿ ತಿನ್ನಲ್ಲ."

"ಬಿಡು, ನಿನ್ನ ಡಬ್ಬಿ ನಿನಗ ಪೂರ್ತಿ ಉಳೀತಲ್ಲ," ಅಂದೆ.

ಅಳಾಕ ಹತ್ತಿದ್ಲು. ನಾ ಹೇಳಿದ್ದರಾಗ ತಪ್ಪೇನಿತ್ತು? ಸೊಸಿ ಒಳಗಿಂದ ಬಂದು ನನ್ನ ಕಡೆ ಒಂದು ನಮೂನಿ ನೋಡಿದ್ಲು. "ಐತವಾರ" ಅನ್ನಾಕ ಆಕಿಗೂ ಬರೂದಿಲ್ಲ, "ಭಾನುವಾರ ಆ ಹುಡುಗೀರನ್ನ ಮನೆಗೆ ಕರಿಯೋಣ, ಕಪ್ ಕೇಕ್ ಮಾಡೋಣ," ಅಂತ ಮಗಳಿಗೆ ಹೇಳಿದ್ಲು. ಐತವಾರ ಅಮಾಸಿ ಐತಿ, ಹಬ್ಬ ಐತಿ ಅಂದೆ. "ಇನ್ನೂ ಒಳ್ಳೇದಲ್ವಾ ಅತ್ತೆ," ಅಂದ್ಲು. ದೊಡ್ಡಾಕಿ ನಾಲ್ಕು ಮಂದಿನ್ನ ಕರದು ಬಂದ್ಲು. ಬರ್ತಾರೋ ಇಲ್ಲೋ ಅಂತ ಆ ವಾರೆಲ್ಲಾ ಉಗುರು ಕಚ್ಚಿದ್ದೇ ಕಚ್ಚಿದ್ದು.

ಐತವಾರ ಮುಂಜಾನೆ ಒಲಿ ಮುಂದ ನನಗ ಜಾಗಾ ಇಲ್ಲ. ನನ್ನ ಹೋಳಿಗಿ ಹೂರಣ ಒಂದು ಕಡೆ, ಅವರ ಮೈದಾಹಿಟ್ಟು ಒಂದು ಕಡೆ.

"ತತ್ತಿ ಹಾಕ್ತೀಯೇನ?"

"ಇಲ್ಲ ಅತ್ತೆ, ಮೊಸರು ಮತ್ತೆ ಸೋಡಾ."

ಕುಕ್ಕರಿನ ತಳಕ್ಕ ಉಪ್ಪು ಸುರವಿದ್ಲು. ಉಪ್ಪು ಯಾಕ, ಸಿಹಿ ಮಾಡೂದಲ್ಲೇನು ಅಂದ್ರ ಅದು ಬರೇ ಕಾಯಾಕಂತ. ರಬ್ಬರ್ ತಗದ್ಲು, ಸೀಟಿ ತಗದ್ಲು. ಸೀಟಿ ಇಲ್ಲದ ಕುಕ್ಕರು ಮೂಕ ಮನಿಷಾ ಇದ್ದಂಗ, ಒಳಗ ಏನು ನಡದೈತಿ ಗೊತ್ತಾಗೂದಿಲ್ಲ. ನಡುನಡುವ ಮುಚ್ಚಳ ತಗದು ಬಾರಿಗಿ ಕಡ್ಡಿ ಚುಚ್ಚಿ ನೋಡ್ತಿದ್ಲು.

"ಬಾರಿಗಿ ಕಡ್ಡಿ ಚುಚ್ಚಿದ್ದು ಮಂದಿ ಮಕ್ಕಳಿಗೆ ಕೊಡ್ತೀಯಾ?"

"ಹೊಸ ಪೊರಕೆ ಅತ್ತೆ, ತೊಳೆದಿದೀನಿ!"

ಬೆಂದು ಬಂದವು, ಕಾಗದದ ಪರಕಾರ ಉಟ್ಟ ಸಣ್ಣ ಸಣ್ಣ ಹುಡುಗ್ಯಾರಂಗ. ಇಷ್ಟಕ್ಕ ತಿಂದ್ರ ಮುಗೀತಿತ್ತು. ಇಲ್ಲ, ಈಗ ಅವಕ್ಕ ಮುಖಾ ಬರೀಬೇಕಂತ. ತಿನ್ನೂ ಜಿನಸಿಗೆ ಮುಖಾ ಯಾಕ? ರೊಟ್ಟಿಗೆ ಯಾರಾದರೂ ಮುಖಾ ಬರದಾರೇನು? ಬೆಣ್ಣಿ ಸಕ್ಕರಿ ನಾದಿ, ಹಾಲಿನ ಪಾಕೀಟಿನ ಮೂಲಿ ಕತ್ತರಿಸಿ, ಅದರಾಗ ತುಂಬಿ ಹಿಚುಕಿದ್ರು. ಬಣ್ಣದ ಬಡೀಸೋಪಿನ ಕಣ್ಣು, ಬದಾಮಿ ಸೀಳಿ ಕಿವಿ. ಕಡೀಕ ನಟ್ಟ ನಡು ಹಣಿಗೆ ಒಂದು ಗೋಡಂಬಿ.

"ಇದೇನಿದು?"

"ಕುದುರೆ, ಅಜ್ಜಿ," ಅಂದ್ಲು ದೊಡ್ಡಾಕಿ.

"ಆ ಗೋಡಂಬಿ?"

"ಕೊಂಬು. ಒಂದೇ ಕೊಂಬಿರೋ ಕುದುರೆ. ಮೊಬೈಲ್‌ನಲ್ಲಿದೆ, ನೋಡಿ."

"ಯಾವ ಊರಾಗ ಐತಿ ಇಂಥಾ ಕುದುರಿ?"

"ಯಾವ ಊರಲ್ಲೂ ಇಲ್ಲ."

"ಎಲ್ಲೂ ಇಲ್ಲದ್ದು ಮತ್ತ ಯಾಕ ಮಾಡ್ತೀರಿ?"

"ಚಂದ ಐತಲ್ಲಾ!" ಅಂತ ಸಣ್ಣಾಕಿ ಬೆರಳು ನೆಕ್ಕೋತ ಅಂದ್ಲು.

ಚಂದಾನೋ ಏನೋ, ನನಗ ಸರಿ ಬರಲಿಲ್ಲ. ನಮ್ಮಲ್ಲಿ ಮಣ್ಣೆತ್ತು ಮಾಡೂವಾಗ ಒಂದು ಕೊಂಬು ಮುರೀತಂದ್ರ ಹಸಿ ಮಣ್ಣು ಹಚ್ಚಿ ಸರಿ ಮಾಡಿ ಜಗಲಿ ಮ್ಯಾಲ ಏರಸ್ತೀವಿ. ಕೊಂಬು ಮುಕ್ಕಾದದ್ದನ್ನ ಅಮಾಸಿ ದಿನ ಮನ್ಯಾಗ ಇಡೂದಿಲ್ಲ. ಅದನ್ನ ಹೇಳಿದೆ. "ಒಂದು ಐತಲ್ಲ, ಇನ್ನೊಂದು ಹಚ್ಚಿಬಿಡ್ರಿ, ನಿಮ್ಮ ಗಂಟೇನು ಹೋಗ್ತೈತಿ?" ದೊಡ್ಡಾಕಿ ಅವ್ವನ ಮುಖಾ ನೋಡಿದ್ಲು. ಸೊಸಿ ಹಬ್ಬದ ದಿನ ನನ್ನ ಕೂಡ ವಾದ ಬ್ಯಾಡ ಅಂತ ಹೂಂ ಅಂದ್ಲು. ನಡುವಿನ ಗೋಡಂಬಿ ಬಾಜೂಕ ಸರೀತು, ಇನ್ನೊಂದು ಬಾಜೂಕ ಮತ್ತೊಂದು ಬಂತು.

ಎತ್ತಾದವು. ಸುಳ್ಳು ಯಾಕ ಹೇಳಲಿ, ಬಿಳೇ ಬೆಣ್ಣಿ ಹಚ್ಚಿದ್ದವು ಖಿಲಾರಿ ಎತ್ತಿನಂಗ ಕಂಡವು. ಮಸೂತಿ ಹಾದ್ಯಾಗಿನ ಹೊಲದಿಂದ ಎರಿಮಣ್ಣು ತರಿಸಿ ನಾ ಮಾಡಿದ್ದ ಎತ್ತಿಗಿಂತ ಇವೇ ಚೊಲೋ ಇದ್ದವು. ಬಾಯಿಬಿಟ್ಟು ಹೇಳಲಿಲ್ಲ.

ತಂಪು ಜಾಗಾ ಅಂತ ಸೊಸಿ ಆ ತಾಟನ್ನ ದೇವರ ಜಗಲಿ ಕೆಳಗಿನ ಕಲ್ಲಿನ ಮ್ಯಾಲ ಇಟ್ಟು ಜಳಕಕ್ಕ ಹ್ವಾದ್ಲು. ನಾ ಪೂಜಿಗೆ ಕುಂತೆ. ಮಣ್ಣೆತ್ತಿಗೆ ಇಬತ್ತಿ ಹಚ್ಚಿದೆ, ಕುಂಕುಮ ಹಚ್ಚಿದೆ. ಕೆಳಗ ನೋಡಿದ್ರ ಮತ್ತ ಎತ್ತು. ಕೇಕು ಅಂತ ಗೊತ್ತಿರಲಿಲ್ಲೇನು ಅಂತ ಆಮ್ಯಾಲ ಎಲ್ಲಾರೂ ಕೇಳಿದ್ರು. ಗೊತ್ತಿತ್ತು. ಆದ್ರ ಆ ದಿನ ಜೋಡಿ ಕೊಂಬು ಕಂಡ್ರ ಕೈ ತಾನ ಹೋಗ್ತೈತಿ, ನನ್ನ ಕೇಳೂದಿಲ್ಲ. ಎಲ್ಲಾವಕ್ಕೂ ಇಬತ್ತಿ ಹಚ್ಚಿ, ಹೋಳಿಗಿ ಎಡಿ ಹಿಡದು, ಆರತಿ ಬೆಳಗಿ ಎದ್ದೆ.

ಸಂಜಿ ಮುಂದ ಹುಡುಗ್ಯಾರು ಬಂದ್ರು, ನಾಲ್ಕೂ ಮಂದಿ. ದೊಡ್ಡಾಕಿ ಹೊಸಾ ಫ್ರಾಕು ಹಾಕ್ಕೊಂಡು ತಾಟು ತಂದು ನಡುವ ಇಟ್ಲು. ಹಸರು ರಿಬ್ಬನ್ ಕಟ್ಟಿದ್ದ ಹುಡುಗಿ ಕೈ ಚಾಚಿದಾಕಿ ಹಿಂದಕ್ಕ ತಗೊಂಡ್ಲು.

"ಏ, ಇಬತ್ತಿ ಹಚ್ಚ್ಯಾರ ಇವಕ್ಕ!"

"ಖರೇನ ಹಚ್ಚ್ಯಾರಲ್ಲೇ. ಪೂಜಿ ಮಾಡಿದ ಬಸವಣ್ಣನ ಕಡಕೊಂಡು ತಿನ್ನೂದು?"

"ನಮ್ಮವ್ವ ಬೆನ್ನ ಮುರೀತಾಳ."

ಎಲ್ಲಾರೂ ಕೈ ಬೆನ್ನ ಹಿಂದ ಕಟ್ಟಿಕೊಂಡ್ರು. ದೊಡ್ಡಾಕಿ ನನ್ನ ನೋಡಿದ್ಲು. "ಅಜ್ಜಿ, ಯಾಕೆ?" ಅಂದ್ಲು, ಅಷ್ಟ.

"ಪ್ರಸಾದ ಅಂತ ತಿನ್ರೆವಾ," ಅಂದೆ.

"ಪ್ರಸಾದ ಅಂದ್ರ ದೇವರ ಮುಂದ ಇಟ್ಟದ್ದಲ್ಲೇನ್ರಿ ಆಯಿ," ಅಂದ್ಲು ರಿಬ್ಬನ್ನಿನಾಕಿ. "ಇದು ದೇವರೇ ಆಗೇತಿ. ಹಂಗಾದ್ರ ಮಣ್ಣೆತ್ತೂ ತಿನ್ನೂಣೇನು?"

ಬೆರಕಿ ಹುಡುಗಿ. ಆದ್ರ ಆಕಿ ಮಾತು ಖರೇನೂ ಇತ್ತು. ಬಾಜೂ ಮನಿ ಮುದುಕಿನ್ನ ಕರದು ಕೇಳಿದೆ, ನನಗಿಂತ ಹಿರ್ಯಾಕಿ. ಬಗ್ಗಿ ನೋಡಿ, "ತಿನಬಾರದು, ನಾಳೆ ಮಣ್ಣೆತ್ತಿನ ಕೂಡ ನೀರಿಗೆ ಬಿಡಬೇಕು," ಅಂದ್ಲು. ಹೊಳ್ಳಿ ಹೋಗೂವಾಗ, "ಬೆಣ್ಣಿ ಹಾಕೀರೇನ? ಉಳದ್ರ ನನಗೊಂದು ಇಡು," ಅಂದ್ಲು. ಇಂಥಾಕಿನ್ನ ಕೇಳಿ ಏನು ತಿಳಕೊಳ್ಳೂದು?

ಹುಡುಗ್ಯಾರು ಒಬ್ಬರ ಮುಖಾ ಒಬ್ಬರು ನೋಡಿದ್ರು. ಒಬ್ಬಾಕಿ, "ಹೋಗೂಣ ನಡೀರಿ," ಅಂತ ಚಪ್ಪಲಿ ಹುಡುಕಾಕ ಹತ್ತಿದ್ಲು. ಸೊಸಿ ನಿಂತಲ್ಲೇ ನಿಂತಾಳ. ನಾ ಹೋಳಿಗಿ ಕೊಡ್ತೇನಿ ಕುಂದರ್ರಿ ಅಂದೆ. ಹೋಳಿಗಿ ಅವರ ಮನ್ಯಾಗೂ ಮಾಡಿದ್ರು, ಯಾರಿಗೆ ಬೇಕು?

ಆಗ ದೊಡ್ಡಾಕಿ ತಾಟಿನ ಮುಂದ ಕುಂತು ಒಂದು ಎತ್ತು ಕೈಗೆ ತಗೊಂಡ್ಲು. ಎರಡೂ ಕೊಂಬು ಕಿತ್ತಿದ್ಲು. ಒಂದು ತಿಂದ್ಲು. ಇನ್ನೊಂದನ್ನ ನಡು ಹಣಿಗೆ ಚುಚ್ಚಿದ್ಲು.

"ಈಗ ಇದು ಕುದುರೆ."

ಚಪ್ಪಲಿ ಹುಡುಕಾಕಿ ನಿಂತ್ಲು. ರಿಬ್ಬನ್ನಿನಾಕಿ ಅಂದ್ಲು, "ಕುದುರಿಗೆ ಎಲ್ಲಿದು ಕೊಂಬು?"

"ಇದಕ್ಕಿದೆ."

"ಯಾ ಊರಾಗ?"

"ಯಾವ ಊರಲ್ಲೂ ಇಲ್ಲ. ಅದಕ್ಕೇ ತಿನ್ನಬಹುದು. ಇದನ್ನ ಯಾರೂ ಪೂಜೆ ಮಾಡಲ್ಲ."

"ಇದೆ" ಅಂದಿದ್ಲು. ಯಾರೂ ರಾಗಾ ಎಳೀಲಿಲ್ಲ. ಎಲ್ಲಾರೂ ನನ್ನ ಕಡೆ ಹೊಳ್ಳಿದ್ರು, ಮುದುಕಿ ಏನು ಹೇಳ್ತಾಳ ಅಂತ. ನಾ ಏನು ಹೇಳಬೇಕು? ಕೊಂಬು ಕಿತ್ರ ದೇವರು ಹೋಗ್ತಾನೋ, ಅಲ್ಲೇ ಕುಂದರ್ತಾನೋ? ಗೊತ್ತಿಲ್ಲ. ಆದ್ರ ಮಣ್ಣೆತ್ತನ್ನ ನೀರಿಗೆ ಒಯ್ಯೂ ಮುಂದ ನಾವು ಒಂದೀಟು ಕದಲಿಸ್ತೀವಿ, ಪೂಜಿ ಮುಗೀತು, ಏಳಪಾ ಅಂತ. ಅದು ನೆನಪಾತು. ತಾಟಿಗೆ ಕೈ ಹಚ್ಚಿ ಒಂದೀಟು ಸರಿಸಿದೆ. "ಕದಲಿಸೀನಿ. ಇನ್ನ ಏನರೆ ಮಾಡ್ಕೊರ್ರಿ," ಅಂದೆ. ಪೂಜಿ ಮಾಡಿದ ದಿನಾನ ಕದಲಿಸಬಹುದೋ ಇಲ್ಲೋ, ಅದೂ ಗೊತ್ತಿರಲಿಲ್ಲ.

ಬಾಯಿಂದ ಮಾತು ಬೀಳೂದ ತಡ, ಎಲ್ಲಾರ ಕೈಯೂ ತಾಟಿನ್ಯಾಗ. ಕುದುರಿ ಸಾಕಾತಂತ ರಿಬ್ಬನ್ನಿನಾಕಿ ಶಾವಿಗಿ ಮುರದು ಮೀಸಿ ಚುಚ್ಚಿ ಬೆಕ್ಕು ಮಾಡಿದ್ಲು. ಒಬ್ಬಾಕಿ ಮೊಲಾ ಮಾಡಿದ್ಲು. ಒಬ್ಬಾಕಿ ಹಂದಿ ಮಾಡಿ "ಇದು ನಮ್ಮಣ್ಣ" ಅಂದ್ಲು. ಇಬತ್ತಿ ಏನಾತು ಅಂತ ನಾ ನೋಡಿದೆ, ಬೆಣ್ಣ್ಯಾಗ ಕರಗಿ ಸಕ್ಕರಿ ಪುಡಿನೋ ಇಬತ್ತಿನೋ ತಿಳೀಲಾರದಂಗ ಆಗಿತ್ತು. ಎಲ್ಲಾ ತಿಂದ್ರು. ಒಂದ ಒಂದು ಎತ್ತು ಉಳೀತು. ಸಣ್ಣಾಕಿ ಅದರ ಕೊಂಬು ಕೀಳಾಕ ಕೊಡಲಿಲ್ಲ, ಒಯ್ದು ಜಗಲಿ ಮ್ಯಾಲ ಇಟ್ಲು. ನಾ ಕದಲಿಸಿದ್ದನ್ನ ಆಕಿ ಕುಂದ್ರಿಸಿದ್ಲು.

ಮರುದಿನ ಸಾಲಿ ಬಿಟ್ಟ ಮ್ಯಾಲ ಅದ ಹುಡುಗ್ಯಾರು ಗೆಜ್ಜಿ ತಗೊಂಡು ಬಂದ್ರು. ಅಮಾಸಿ ಮರುದಿನ ಮಕ್ಕಳೊಳಗ ಒಬ್ಬರು ಕುಂಟೆತ್ತಾಗಿ ಕುಂಟಬೇಕು, ಉಳದವರು ಹೊಡಕೊಂಡು ಮನಿಮನಿಗೆ ಹೋಗಿ ಜ್ವಾಳ ಬೇಡಬೇಕು.

"ಆಯಿ, ಆಕಿನ್ನ ಕಳಸ್ರಿ. ಈ ಸಲ ಆಕೀನ ಕುಂಟೆತ್ತು."

ಸೊಸಿ ನನ್ನ ಕಿವ್ಯಾಗ, "ಅತ್ತೆ, ಅಣಕಿಸ್ತಿದಾರಾ?" ಅಂದ್ಲು. ನನಗೂ ತಿಳೀಲಿಲ್ಲ. ನಾ ಸಣ್ಣಾಕಿ ಇದ್ದಾಗ ಇಂಡಿ ಕಡೆ ನಮ್ಮೂರಾಗ ಚೊಲೋ ಕುಂಟಾವರನ್ನ ಕುಂಟೆತ್ತು ಮಾಡ್ತಿದ್ರು. ಒಲ್ಲೆ ಅನ್ನಾಕ ಬಾರದವರನ್ನೂ ಮಾಡ್ತಿದ್ರು.

ದೊಡ್ಡಾಕಿ ಗೆಜ್ಜಿ ಕಟ್ಟಿಕೊಂಡು ಅಂಗಳದಾಗ ಕುಂಟಿದ್ಲು. ಮೊದಲ ನಮ್ಮ ಬಾಗಲಕ್ಕ ನಿಂತು, "ಜೋಳ ನೀಡಿ" ಅಂತ ಒದರಿದ್ಲು. "ಜ್ವಾಳ ನೀಡ್ರೀ ಅನ್ನಲೇ, ಎತ್ತ!" ಅಂತ ಎಲ್ಲಾರೂ ನಕ್ಕರು. ಆಕಿನೂ ನಕ್ಕಳು. ಉಡ್ಯಾಗ ಜ್ವಾಳ ಹಾಕಿದೆ. ಓಣಿ ತಿರುಗೂ ತನಕ ನೋಡಿದೆ, ಬಿಡಲಾರದ ಕುಂಟಾಕತ್ತಿದ್ಲು.

ಜಗಲಿ ಮ್ಯಾಲಿನ ಕೇಕಿಗೆ ಇರುವಿ ಹತ್ತಿದ್ದವು. ಉಳದಷ್ಟನ್ನ ಮಣ್ಣೆತ್ತಿನ ಕೂಡ ನೀರಿಗೆ ಬಿಟ್ವಿ.

ಮಂಗಳವಾರ ಡಬ್ಬಿ ತೊಳಿಯಾಕ ತಗದೆ. ಒಂದು ಅಗಳಿಲ್ಲ.

"ಎಲ್ಲಾ ತಿಂದೇನ?"

"ಇಲ್ಲ, ಅವರು ತಿಂದ್ರು."

"ಮತ್ತ ನೀ ಉಪಾಸೇನ?"

"ಅವರ ಡಬ್ಬಿ ನಾನು ತಿಂದೆ."

"ಹಂಗಾದ್ರ ನಿಮ್ಮ ನಿಮ್ಮದು ನೀವು ತಿನಬಾರದಾ?" ಅಂದೆ.

ಸೊಸಿ ಮತ್ತ ಅದ ನಮೂನಿ ನೋಡಿದ್ಲು.